ಹುಲ್ಲು ಕಾಯುವವನು

ಮೂರು ರಾತ್ರಿ ಅವಳ ಹಾಡು.
ಮೂರು ರಾತ್ರಿ ಹುಲ್ಲಿನ ಮೇಲೆ ಪ್ಲಾಸ್ಟಿಕ್ ಹಲಗೆ.
"ಉಸಿರು ಕಟ್ಟುತ್ತದಪ್ಪಾ ಅದಕ್ಕೆ" ಅಂದಿದ್ದ ಹಸಿಂತೊ.
ಯಾರಿಗೆ ಕೇಳಿಸಬೇಕು? ಗ್ವಾಯಾಕಿಲ್ ಊರಿಗೆ ಊರೇ
ಬೆಳಗಿನಿಂದ ಸಾಲಿನಲ್ಲಿ.

ಅರವತ್ತು ಸಾವಿರ ಹಿಮ್ಮಡಿ.
ಸುರಂಗದ ಬಾಯಲ್ಲಿ ಕೂತು
ಒಂದೊಂದು ಕುಣಿತಕ್ಕೂ ಶಪಿಸಿದ.
ಕೊನೆಯ ಹಾಡಿಗೆ
ತನ್ನದೇ ಬೂಟು ತಾಳ ಹಾಕುವುದು ಕಂಡು
ಮೊಣಕಾಲನ್ನು ಎರಡೂ ಕೈಯಿಂದ ಅದುಮಿ ಹಿಡಿದ.

ಲಾರಿಗಳು ಲೀಮಾ ದಾರಿ ಹಿಡಿದವು.
ಹಲಗೆ ಎತ್ತಿದರೆ
ಹಳದಿ. ಬೆಂದ ಸೊಪ್ಪಿನ ವಾಸನೆ.
ಸಂದಿಗಳಲ್ಲಿ ಬೆರಳಾಡಿಸುತ್ತಾ ಹೋದ:
ಒಂಟಿ ಕಿವಿಯೋಲೆ, ಬಸ್ ಚೀಟಿ,
ಯಾವುದೋ ಮಗುವಿನ ಹಾಲುಹಲ್ಲು.

ಹಲ್ಲನ್ನು ಮಾತ್ರ ಜೇಬಿಗಿಟ್ಟುಕೊಂಡು
ನೀರು ಬಿಟ್ಟ.
ಭಾನುವಾರ ಮ್ಯಾಚ್ ಇದೆ.
ಅಂಗೈಯಡಿ ಹುಲ್ಲು ಇನ್ನೂ
ಸಣ್ಣಗೆ ನಡುಗುತ್ತಿತ್ತು,
ಇಲ್ಲಾ ಅವನ ಕೈ.