ಬಾಗಿಲು ಯಾರದು

ವಾಸ್ಕೋದಲ್ಲಿ, ಬೈನಾ ಇಳಿಜಾರಿನ ಕನ್ನಡ ಶಾಲೆಯಲ್ಲಿ
ಮೂವತ್ತೊಂದು ಪಟ್ಟಿ ತಿದ್ದುತ್ತ ಕೂತಿದ್ದೆ.
ಪ್ರಬಂಧ: ನಮ್ಮ ಮನೆ.
ಮೂವತ್ತೊಂದು ಮನೆಗಳ ಮುಂದೆಯೂ ಒಂದೇ ಕೈತೋಟ,
ಅದೇ ಗುಲಾಬಿ, ಅದೇ ತುಳಸಿಕಟ್ಟೆ,
ಮೆಹಬೂಬನ ಮನೆಯ ಮುಂದೆಯೂ.
ತಂದೆಯವರು ಆರಾಮಕುರ್ಚಿಯಲ್ಲಿ ದಿನಪತ್ರಿಕೆ ಓದುವರು.
ಎಲ್ಲರ ತಂದೆಯವರೂ. ಎಲ್ಲರೂ ಅದೇ ಕುರ್ಚಿಯಲ್ಲಿ.

ಗೈಡಿನ ಪುಟ ನಲವತ್ತೆರಡು.
ಹುಬ್ಬಳ್ಳಿ ಬಸ್ಸಿನಲ್ಲಿ ಜೋಳದ ಚೀಲಗಳ ಸಂಗಡ ಬರುತ್ತದೆ ಗೈಡು,
ಒಂದೇ ಪ್ರತಿ, ಓಣಿಯಿಂದ ಓಣಿಗೆ ಕೈಬದಲಾಗಿ
ರಟ್ಟು ಕಳಕೊಂಡು ನನ್ನ ಮೇಜಿಗೆ ಬರುವ ಹೊತ್ತಿಗೆ
ಗುಲಾಬಿಯ ಮೇಲೆ ಮೀನಿನ ವಾಸನೆ.

ಹುಲಿಗೆವ್ವಳನ್ನು ಕರೆದೆ. ಏಳನೆಯ ಇಯತ್ತೆ.
ಜಡೆಗೆ ರಿಬ್ಬನ್ನಿನ ಬದಲು ಬಲೆಯ ನೀಲಿ ದಾರ.
"ಇದು ಯಾರದು?"
"ನಂದ್ರಿ ಸರ."
"ಬರದದ್ದಲ್ಲವಾ. ಮನಿ ಯಾರದು?"
ನೆಲ ನೋಡಿದಳು. "ಗೈಡಿಂದ್ರಿ."

ಕದಿಯೂದು ತಪ್ಪು ಅಂದೆ. ಸ್ವಂತದ್ದು ಬರಿ ಅಂದೆ.
ಸ್ವಂತ ಎಂಬ ಶಬ್ದವನ್ನು ಹಲಗೆಯ ಮೇಲೆ ದಪ್ಪಗೆ ಬರೆದು
ಕೆಳಗೆ ಗೆರೆ ಎಳೆದೆ,
ನಮ್ಮ ಮಾಸ್ತರು ಎಳೆಯುತ್ತಿದ್ದ ಹಾಗೆಯೇ:
ಎರಡು ಗೆರೆ, ಎರಡನೆಯದು ತುಸು ಗಿಡ್ಡ.

ಸೋಮವಾರ ತಂದಳು. ಒಂದೂವರೆ ಪುಟ.

"ನಮ್ಮ ಮನೆಯ ಬಾಗಿಲು ಕ್ವಾದ್ರಸ್ ಬಾಯಿಯದು.
ಅವರ ಹಳೆ ಬಂಗಲೆ ಕೆಡವುವಾಗ ಅಪ್ಪ ಹೊತ್ತು ತಂದ.
ಬಾಗಿಲು ಗೋಡೆಗಿಂತ ಎತ್ತರ. ಅದಕ್ಕೆ ಕೆಳಗೆ ಕೊಯ್ದಿದೆ.
ತಗಡು ಬಂದರದ್ದು. ಕೇಳಿ ತಂದದ್ದು. ಎರಡು ಮಾತ್ರ ಕೇಳದೆ.
ಮಾಡಿನ ಮೇಲೆ ಬಂಗಾರದಂಗಡಿಯ ಫ್ಲೆಕ್ಸು.
ರಾತ್ರಿ ಮಲಗಿದರೆ ಯಾರದೋ ಮೂಗುತಿ
ನನ್ನ ಮುಖದ ನೇರಕ್ಕೆ ಇರುತ್ತದೆ.
ಕರೆಂಟು ರಾಯ್ಕರ ಮಾಮಾನ ಅಂಗಡಿಯದು. ತಿಂಗಳಿಗೆ ಇನ್ನೂರು.
ಹೆಪ್ಪು ಮೊದಲಿಗೆ ಶಾಬಿರಾ ಚಾಚಿಯದು.
ಈಗ ಯಾರದು ಅಂತ ಗೊತ್ತಿಲ್ಲ. ಮೊಸರು ನಮ್ಮದು.
ಸಮುದ್ರ ಕಾಣಿಸುವುದಿಲ್ಲ, ಕೇಳಿಸುತ್ತದೆ.
ಕೈತೋಟ ಗೈಡಿನದು.
ಅದನ್ನು ತೆಗೆಯಲು ಮನಸ್ಸಾಗಲಿಲ್ಲ."

ಕೆಂಪು ಪೆನ್ನಿನ ಟೊಪ್ಪಿಗೆ ತೆಗೆದವನು
ಹಾಗೇ ಕೂತೆ.

ಧಾರವಾಡದಲ್ಲಿ ನಾನೊಂದು ಪ್ರಬಂಧ ಬರೆದಿದ್ದೆ, ನೂರಿಪ್ಪತ್ತು ಪುಟ.
ಅದರ ಕಿಟಕಿ ಯಾರದು, ಜಂತಿ ಯಾರದು,
ಮೂರನೆಯ ಅಧ್ಯಾಯವನ್ನು ಯಾರ ಅಟ್ಟದಿಂದ ಇಳಿಸಿದೆ,
ಒಂದು ಮಾತೂ ಹೇಳಿರಲಿಲ್ಲ.
ಬೈಂಡಿಂಗು ಮಾತ್ರ ನನ್ನ ದುಡ್ಡಿನದು,
ಮೇಲೆ ಬಂಗಾರದ ಅಕ್ಷರದಲ್ಲಿ ಹೆಸರು.
ಪರೀಕ್ಷಕರು ಬರೆದಿದ್ದರು: ಸ್ವೋಪಜ್ಞ.
ಆ ಶಬ್ದದ ಅರ್ಥ ಹುಡುಕಲು ಅಂದು ರಾತ್ರಿ
ಪಕ್ಕದ ಖೋಲಿಯವನ ನಿಘಂಟು ಕಡ ತಂದಿದ್ದೆ.
ಇನ್ನೂ ಕೊಟ್ಟಿಲ್ಲ.

ಹತ್ತಕ್ಕೆ ಎಂಟು ಹಾಕಿದೆ.
"ಎರಡು ಯಾಕ ಹೋದ್ವು ಸರ?"
"ಕೇಳದ ತಂದಿರಲ್ಲ, ಆ ತಗಡಿಗೆ."
ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು,
ಪಟ್ಟಿ ಎದೆಗೊತ್ತಿಕೊಂಡು ಇಳಿಜಾರಿನಲ್ಲಿ ಓಡಿದಳು.
ನನ್ನ ಲೆಕ್ಕ ಯಾರೂ ಕೇಳಲಿಲ್ಲ.

ಬಂದರಿನ ಕಡೆಯಿಂದ ಹಡಗೊಂದು ಕೂಗಿತು.
ಮೇಜಿನ ಮೇಲೆ ಇನ್ನೂ ಮೂವತ್ತು ಪಟ್ಟಿ,
ಮೂವತ್ತು ತಂದೆಯವರು,
ಕುರ್ಚಿ ಒಂದೇ.