ದುಭಾಷಿ

ಯಾವುದೋ ಚಳಿದೇಶದಿಂದ ಬಂದವಳು
ಆಜಾದ್‌ನಗರದ ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ
ಅರ್ಧ ಗಂಟೆ ಕೆಮ್ಮಿ, ಕಣ್ಣೊರೆಸಿಕೊಂಡು
ಮೊಳೆಗೆ ನೇತುಬಿಟ್ಟ ಬುರ್ಖಾ ನೋಡಿದಳು.
"ಅದನ್ನು ಹಾಕಿಕೊಳ್ಳಲು ಹೇಳು,
ಬೆಂಕಿಯ ಮುಂದೆ ಕಪ್ಪು ಚೆನ್ನಾಗಿ ಕಾಣುತ್ತೆ."

ದಿನಕ್ಕೆ ಎಂಟುನೂರು ನನಗೆ,
ಆ ಕಡೆಯ ಮಾತು ಈ ಕಡೆ ದಾಟಿಸಲು.
ದಾಟಿಸಿದೆ.
ಬಾಣಲೆಯ ಹತ್ತಿರ ಯಾರೂ ಹಾಕುವುದಿಲ್ಲ ಅದನ್ನು,
ಕಿಡಿ ಹಾರಿದರೆ ಹೊಸದಕ್ಕೆ ಸಾವಿರದಿನ್ನೂರು.
ಆದರೂ ಖೈರುನ್‌ಬಿ ಖಾಲಾ ಹಾಕಿಕೊಂಡಳು,
ಮನೆಗೆ ಬಂದ ಮೆಹಮಾನ್ ಕೇಳಿದ್ದು, ಹೋಗಲಿ ಅಂತ.

ಆಮೇಲೆ ಕೆಂಪು ದೀಪ ಹತ್ತಿತು. ಪ್ರಶ್ನೆ ಬಂತು.
"ನಿನಗೆ ಇದನ್ನು ಹಾಕಿಸಿದವರು ಯಾರು?"
"ಕ್ಯಾ ಪೂಛ್ರೈ ಇನೆ?" ಅಂದಳು ಖಾಲಾ. ಹೇಳಿದೆ.
ಜರಡಿಯ ಕೈ ನಿಲ್ಲಲಿಲ್ಲ.
"ಹೊಲಿದವನು ರಜಾಕ್ ಟೇಲರ್.
ಕಂಕುಳಲ್ಲಿ ಬಿಗಿ ಇಟ್ಟಿದ್ದಾನೆ ಹಾಳಾದವನು,
ರಮಜಾನ್ ಹೋಗಿ ಬಕ್ರೀದ್ ಬಂತು, ಬಿಚ್ಚಿಕೊಟ್ಟಿಲ್ಲ."
ಭಟ್ಟಿಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು.
"ಯಾಕೆ ನಗುತ್ತಿದ್ದಾರೆ?"
ಆ ನಗುವಿಗೆ ನನ್ನ ಬಳಿ ಇಂಗ್ಲಿಷ್ ಇರಲಿಲ್ಲ.

"ನಿನ್ನ ಮಾತು ಕೇಳುವವರಿದ್ದಾರೆಯೇ ಇಲ್ಲಿ?"
ಕಾದ ಮರಳಿಗೆ ಅಕ್ಕಿ ಬಿದ್ದ ಹಾಗೆ
ಚಟಪಟ ಅರಳಿದಳು ಖಾಲಾ.
ಬೆಳಗಿನ ಬಾಂಗ್‌ಗೂ ಮೊದಲೇ ಒಲೆಗೆ ಹೊಟ್ಟು ತುಂಬುವುದು,
ಚೀಲಕ್ಕಿಷ್ಟು ಅಂತ ಲೆಕ್ಕ, ಲೆಕ್ಕದಲ್ಲಿ ಮೋಸ,
ಎದೆಯೊಳಗೆ ಕೂತ ಮಸಿ.
ಗಂಡ ತಲಾಖ್ ಕೊಟ್ಟ ವರ್ಷ
ನಿಕಾಹ್‌ನಾಮಾ ಸೆರಗಿಗೆ ಕಟ್ಟಿಕೊಂಡು
ಐದು ಜುಮ್ಮಾ ಜಮಾತಿನ ಮೆಟ್ಟಿಲ ಮೇಲೆ ನಿಂತದ್ದು.
"ಮೆಹರ್ ಅಲ್ಲಾಹ್ ಬರೆದ ಹಕ್ಕು, ನಿಮ್ಮಪ್ಪನ ಖೈರಾತಲ್ಲ.
ಹನ್ನೊಂದು ಗಡ್ಡ ಕೂತಿದ್ದೀರಿ, ಒಂದು ಬಳೆಯ ಸದ್ದಿಲ್ಲ.
ರಸೂಲರ ಮನೆಯಲ್ಲೇ ಹೆಂಗಸರು ಎದುರು ಮಾತಾಡುತ್ತಿದ್ದರು,
ನೀವು ಅವರಿಗಿಂತ ದೊಡ್ಡವರಾ?"
ಆರನೆಯ ಜುಮ್ಮಾಕ್ಕೆ ಬಂತು ದುಡ್ಡು.
ಈ ಬಾಣಲೆ ಅದರದ್ದೇ.

ನಾನು ಹೇಳಿದ್ದು:
"ತುಂಬಾ ಕಷ್ಟಪಟ್ಟಿದ್ದಾಳಂತೆ."

ನಾಲ್ಕೇ ಪದ. ಕ್ಯಾಮೆರಾದವಳು ತಲೆಯಾಡಿಸಿದಳು,
ಮೊದಲೇ ಗೊತ್ತಿದ್ದದ್ದು ಮತ್ತೆ ಸಿಕ್ಕಿದವಳ ಹಾಗೆ.

ಯಾಕೆ ನುಂಗಿದೆ?
ಆ ಹನ್ನೊಂದು ಗಡ್ಡ ಹೇಳಿದರೆ
ಅವಷ್ಟೇ ಅವಳ ಸಿನಿಮಾದ ಹೆಸರಾಗಿಬಿಡುತ್ತವೆ;
ಮೆಟ್ಟಿಲು ಹೊರಗುಳಿಯುತ್ತೆ, ಖಾಲಾ ಹೊರಗುಳಿಯುತ್ತಾಳೆ.
ಕಾಲೇಜಿನ ಗೇಟಿನಲ್ಲಿ ತೆಗೆ ಎಂದವರನ್ನೂ ಕಂಡಿದ್ದೇನೆ,
ಓಣಿಯ ತಿರುವಿನಲ್ಲಿ ಸರಿಯಾಗಿ ಹೊದ್ದುಕೋ ಎಂದವರನ್ನೂ.
ಇಬ್ಬರಿಗೂ ಹೆದರಿ ಹೆದರಿ
ಮೂರನೆಯವಳ ಮುಂದೆ ನಾನೇ ಜರಡಿಯಾದೆ.
ಹಗುರವಾದದ್ದು ಮೇಲುಳಿಯಿತು.
ಭಾರದ್ದೆಲ್ಲ ಮರಳಿನ ಜೊತೆ ಕೆಳಗೆ.

ಖಾಲಾ ನನ್ನ ಮುಖ ನೋಡಿದಳು.
ಮೂರನೇ ಕ್ಲಾಸು ಓದಿದವಳು,
ಆದರೆ ಒಂದು ಗಂಟೆಯ ಮಾತು
ನಾಲ್ಕು ಪದವಾದರೆ ತೂಕದಲ್ಲಿ ಮೋಸ ಅಂತ
ಚೀಲ ಎಣಿಸುವ ಯಾರಿಗೆ ಗೊತ್ತಾಗುವುದಿಲ್ಲ?

ಏನೂ ಅನ್ನಲಿಲ್ಲ.
ಬೆವರು ಇಳಿಯುತ್ತಿತ್ತು. ಬುರ್ಖಾ ಬಿಚ್ಚಿ ಮೊಳೆಗೆ ಹಾಕಿ
ಕುತ್ತಿಗೆ ಒರೆಸಿಕೊಂಡು ಅಂದಳು:
"ಮೊದಲು ಏನೋ ಕೇಳಿದಳಲ್ಲ, ಯಾರು ಹಾಕಿಸಿದ್ದು ಅಂತ?
ಬೇರೆ ದಿನದ್ದು ನಾನು ನೋಡಿಕೊಳ್ತೀನಿ.
ಇವತ್ತು ಹಾಕಿಸಿದವಳು ನೀನೇ ಅಂತ ಹೇಳು.
ಪೂರಾ ಹೇಳು ಬೇಟಾ, ಈ ಸಲ."

ಹೇಳಿದೆ. ಒಂದಕ್ಷರ ಉದುರಿಸದೆ ಹೇಳಿದೆ.

ಆ ಹೊತ್ತಿಗೆ ಕೆಂಪು ದೀಪ ಆರಿತ್ತು.
ಸ್ಟ್ಯಾಂಡಿನ ಮೂರು ಕಾಲು ಮಡಚುತ್ತಿದ್ದವಳು
ಅರ್ಧಕ್ಕೇ ನಿಂತಳು, ಕೆಂಪಾದಳು,
ಹೊಗೆಗೋ ಏನೋ.

ಖಾಲಾ ಕಾಗದದ ಪೊಟ್ಟಣದಲ್ಲಿ ಬಿಸಿ ಮಂಡಕ್ಕಿ ಕಟ್ಟಿ
ಅವಳ ಕೈಗಿಟ್ಟಳು.
"ಹಸಿಮೆಣಸಿನಕಾಯಿ ಕಚ್ಚಿಕೊಂಡು ತಿನ್ನಬೇಕು ಅಂತ ಹೇಳು.
ಇದನ್ನಾದರೂ ಸರಿಯಾಗಿ ಹೇಳು."