ಹಿಂದಿರುಗಿಸಬೇಕಾದ ದಿನ

ರಜೆ ಶುರುವಾದ ಮಾರನೇ ದಿನ
ಬಾಣಾವರದ ಶಾಖಾ ಗ್ರಂಥಾಲಯದ ಬಾಗಿಲಲ್ಲಿ
ಏಳನೇ ತರಗತಿಯ ಇಪ್ಪತ್ತೆರಡು ಜೊತೆ ಚಪ್ಪಲಿ.
ಪೇಪರಿನ ಹಿರಿಯರು ಕನ್ನಡಕ ತೆಗೆದು ನೋಡಿದರು,
ಹೇಳದೆ ಕೇಳದೆ ನೆಂಟರು ಬಂದ ಹಾಗೆ.

"ಕಮಲಾಕ್ಷಿ ಮಿಸ್ ಹೇಳವ್ರೆ ಸಾರ್,
ಒಂದು ಪುಸ್ತಕ ಓದ್ಬೇಕು,
ಓದಿದ್ದರಿಂದ ಏನಾದ್ರೂ ಮಾಡ್ಕೊಂಡು ಬರ್ಬೇಕು.
ಥರ್ಮಕೋಲ್ ಮಾತ್ರ ತರಂಗಿಲ್ವಂತೆ."

ಮಕ್ಕಳ ಬೀರುವಿನ ಬೀಗದ ಕೈ ಎಲ್ಲಿದೆಯೋ
ನನಗೆ ಗೊತ್ತಿರಲಿಲ್ಲ. ನಾಚಿಕೊಂಡೇ ಬರೆಯುತ್ತಿದ್ದೇನೆ ಇದನ್ನು.
ಸೈಕಲ್ ಷಾಪಿನಿಂದ ಸ್ಕ್ರೂಡ್ರೈವರ್ ತಂದು ಮೀಟಿದೆ.
ಮೊದಲು ಜಿರಳೆ ಬಂದವು, ಆಮೇಲೆ ರಾಜಕುಮಾರರು,
ಆಮೇಲೆ ಮೂರು ಕಾಲಿನ ಒಂದು ಆನೆ;
ನಾಲ್ಕನೆಯದು ಗೆದ್ದಲಿನ ಪಾಲು.

ಅರ್ಫಿಯಾಗೆ ಸಿಕ್ಕಿದ್ದು ರಟ್ಟು ಕಿತ್ತ, ಹೆಸರೂ ಉಳಿಯದ
ಅರವತ್ತು ಪುಟದ ಒಂದು ಕಡಲ ಕಥೆ.
ನಮ್ಮೂರಿನ ತೆಂಗಿನ ಮರಗಳೂ ಕಡಲು ಕಂಡವಲ್ಲ.

ವಾರ ಬಿಟ್ಟು ಬಂದಳು. ಪುಸ್ತಕ ಬೋರಲು ಹಾಕಿ,
"ಇವರೆಲ್ಲ ಯಾರು ಸಾರ್?"
ಹಿಂದಿನ ಚೀಟಿಯಲ್ಲಿ ನೇರಳೆ ಮೊಹರುಗಳ ಪಕ್ಕ
ಶಾಯಿ ಹರಡಿದ ಐದು ಹೆಸರು.
ಕೊನೆಯದರ ಮೇಲೆ ಹೆಬ್ಬೆರಳಿಟ್ಟುಕೊಂಡು
ಓದಿದವರು ಅಂದೆ.
"ಈಗ ಎಲ್ಲವ್ರೆ?"

ಇಪ್ಪತ್ತಾರು ವರ್ಷದ ನೌಕರಿಯಲ್ಲಿ
ಯಾರೂ ಕೇಳದ ಪ್ರಶ್ನೆ.

ಅಪ್ಪನ ಹಳೇ ಟಿವಿಎಸ್ ಹಿಂದೆ, ಹತ್ತಿ ಮೂಟೆಗೆ ಒರಗಿ
ಆ ಬೇಸಿಗೆ ಅವಳು ಊರೆಲ್ಲ ಸುತ್ತಿದಳು.
ಅವನು ಜಗಲಿಯಲ್ಲಿ ಹಾಸಿಗೆ ಹೊಲಿಯುವಾಗ
ಇವಳು ಒಳಗೆ ಹೋಗಿ ಹೆಸರು ಕೇಳುವಳು.

ರುದ್ರೇಶಪ್ಪ ಸಿಕ್ಕಿದ್ದು ಕೊಬ್ಬರಿ ಮಂಡಿಯ ತಕ್ಕಡಿಯ ಮುಂದೆ.
"ಕಥೆ ನೆನಪಿಲ್ಲ ಮಗಾ. ದೀಪದ ಗೋಪುರದ ಚಿತ್ರ ಇತ್ತು ನೋಡು,
ಅದರ ಕಿಟಕೀಲಿ ಒಬ್ಬ ಹುಡುಗ."
ಪುಟ್ಟಲಿಂಗಮ್ಮ ದೂರದವರೇನಲ್ಲ,
ದಿನಾ ಇವಳ ತಟ್ಟೆಗೆ ಬಿಸಿಯೂಟ ಬಡಿಸುವವರೇ.
ಏಳಕ್ಕೇ ಶಾಲೆ ಬಿಟ್ಟ ಅವರಿಗೆ ಕಥೆಯೆಲ್ಲ ಬಾಯಿಪಾಠ,
ಗೋಪುರಕ್ಕೆ ಮೆಟ್ಟಿಲೆಷ್ಟು ಅಂತಲೂ: ನೂರಾ ಹದಿನೇಳು.
ತಡವಾಗಿ ಕೊಟ್ಟಿದ್ದಕ್ಕೆ ನಲವತ್ತು ಪೈಸೆ ದಂಡ ಬಾಕಿಯೆಂದು
ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ಕಳಿಸಿದ್ದರು.
ಯಾವ ಲೆಕ್ಕಕ್ಕೆ ಬರೆಯಲಿ?
ಮೇಜಿನ ಖಾನೆಯಲ್ಲೇ ಇದೆ ಇನ್ನೂ.

"ಆ ನಾಗಭೂಷಣ ನಾನಲ್ಲ" ಎಂದು ಒಬ್ಬರು ಬಾಗಿಲು ಹಾಕಿಕೊಂಡರು.
ಇನ್ನೊಬ್ಬರ ಫೋಟೋಗೆ ಹಾರವಿತ್ತು.
ಅವರ ಹೆಂಡತಿ ಚೀಟಿಯ ಸಹಿಯನ್ನು ಬೆರಳಲ್ಲಿ ಸವರಿ
"ಆಗಿನಿಂದಲೂ ಹಿಂಗೇ ಸೊಟ್ಟ" ಅಂತ ನಕ್ಕರಂತೆ.

ಮೇ ತಿಂಗಳ ಒಂದು ಮಧ್ಯಾಹ್ನ
ಐದನೇ ಹೆಸರಿಗೆ ಬೆರಳಿಟ್ಟು ಸುಮ್ಮನೆ ನಿಂತಳು.
ಅರಸೀಕೆರೆ ಕಡೆಯ ಗಾಡಿ ದಾಟಿ ಹೋಗುವ ತನಕ
ಇಬ್ಬರೂ ಮಾತಾಡಲಿಲ್ಲ.
"ಕೆ. ಓಂಕಾರಮೂರ್ತಿ ಅಂದ್ರೆ ನೀವೇ ಅಲ್ವಾ ಸಾರ್?"

ನಾನೇ.
ಮೂವತ್ತೊಂದನೇ ಪುಟ ಕಿತ್ತವನೂ ನಾನೇ.
ಆ ಗೋಪುರ, ಆ ಕಿಟಕಿ, ಆ ಹುಡುಗ,
ಅನ್ನದ ಅಗುಳು ಹಚ್ಚಿ ಮನೆಗೋಡೆಗೆ ಅಂಟಿಸಿದ್ದೆ.
ಒಂದು ಗೌರಿಹಬ್ಬಕ್ಕೆ ಅವ್ವ ಅದರ ಮೇಲೇ ಸುಣ್ಣ ಬಳಿದಳು.
ಈಗ ಗೋಡೆಯೂ ಇಲ್ಲ.

ಬೈಯಲಿಲ್ಲ ಅವಳು. ಚೀಲದಿಂದ ಪ್ರಾಜೆಕ್ಟು ತೆಗೆದಳು:
ಹಾಸಿಗೆ ಬಟ್ಟೆಯ ಪಟ್ಟೆಪಟ್ಟೆ ರಟ್ಟು,
ಅಪ್ಪನ ದಬ್ಬಳದ ಹೊಲಿಗೆ,
ಓದಿದವರಿಗೆಲ್ಲ ಒಂದೊಂದು ಪುಟ.
ನಾಗಭೂಷಣರ ಪುಟದಲ್ಲಿ ಮುಚ್ಚಿದ ಬಾಗಿಲು,
ಚಿಲಕ ಸಮೇತ.
ಕೊನೆಗೆ ಖಾಲಿ ಹಾಳೆ.

"ಇದು ನಿಮ್ದು ಸಾರ್. ಬಿಡಿಸ್ಕೊಡಿ."
ನನಗೆ ಚಿತ್ರ ಬರಲ್ಲವಮ್ಮ ಅಂದೆ.
"ನೂರಾ ಹದಿನೇಳು ಮೆಟ್ಟಿಲು, ಮರೀಬೇಡಿ" ಅಂದು
ನನ್ನದೇ ಮೊಹರೆತ್ತಿ, ನನ್ನದೇ ಶಾಯಿಗೆ ಒತ್ತಿ,
ಹಾಳೆಯ ಮೂಲೆಗೆ ಠಪ್ಪನೆ ಬಿಟ್ಟಳು:
ಮೇ ಇಪ್ಪತ್ತೆಂಟು.

ಇವತ್ತು ಇಪ್ಪತ್ತಾರು.
ಎಪ್ಪತ್ತನೇ ಮೆಟ್ಟಿಲ ತನಕ ಬಂದಿದ್ದೇನೆ.
ರಬ್ಬರು ಸವೆದಿದೆ.
ಕಿಟಕಿ ಇನ್ನೂ ಮೇಲಿದೆ,
ಹುಡುಗನ ಮುಖ ನೆನಪಾಗುತ್ತಿಲ್ಲ.
ದಿನಕ್ಕೆ ದಂಡ ಎಷ್ಟು ಈಗ?
ಕೇಳಬೇಕು ಅವಳನ್ನೇ.